ದೊಡ್ಡ ಬೈಕಿನ ಫೋರ್ಕ್ ಸಣ್ಣ ಬೈಕಿಗೆ ಕೂರುತ್ತದೆಯೇ? ಫ್ಲ್ಯಾಟ್ ಟ್ರ್ಯಾಕ್ ಬೈಕ್ ಕಟ್ಟುವವರು ತಿಳಿಯಬೇಕಾದ ಸತ್ಯ-ಮಿಥ್ಯ

ಹಳೆಯ ಸ್ಪ್ಲೆಂಡರ್‌ಗೆ ಡ್ಯೂಕ್ ಬೈಕಿನ ಚಿನ್ನದ ಬಣ್ಣದ ಫೋರ್ಕ್, ದಪ್ಪ ಟೈರು, ಅಗಲ ಹ್ಯಾಂಡಲ್. ಮಣ್ಣಿನ ಬಯಲಲ್ಲಿ ಹಿಂದಿನ ಚಕ್ರ ಜಾರಿಸುತ್ತ, ಧೂಳೆಬ್ಬಿಸುತ್ತ ಸುತ್ತು ಹೊಡೆಯುವ ಮೂವತ್ತು ಸೆಕೆಂಡಿನ ವಿಡಿಯೊ. ಕೆಳಗೆ ಒಂದು ಸಾಲು: 'ಗುಜರಿಯಲ್ಲಿ ಫೋರ್ಕ್ ತನ್ನಿ, ಲೇಥ್‌ನಲ್ಲಿ ಒಂದು ಗಂಟೆ ಕೆಲಸ, ಯಾವ ಬೈಕಿಗಾದರೂ ಕೂರುತ್ತೆ.' ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ರಾಯಚೂರು ನಗರದ ಗ್ಯಾರೇಜುಗಳಿಂದ ಹಿಡಿದು ಗುಂಜಹಳ್ಳಿ, ಮಾನ್ವಿ, ದೇವದುರ್ಗದ ಕಡೆಯ ಹುಡುಗರ ಫೋನಿನವರೆಗೆ ಇಂಥವು ಓಡಾಡುತ್ತಲೇ ಇರುತ್ತವೆ.

ಕೂರುತ್ತದೆ ಎಂಬುದು ಅರ್ಧ ನಿಜ. ಕೂರಿಸಿದ ಮೇಲೆ ಬೈಕು ನೆಟ್ಟಗೆ ಓಡುತ್ತದೆಯೇ, ತಿರುವಿನಲ್ಲಿ ಮಾತು ಕೇಳುತ್ತದೆಯೇ, ಮುರಿಯದೆ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಫೋರ್ಕ್ ಎಲ್ಲಿಂದ ತರುವುದು, ತಂದದ್ದನ್ನು ಹೇಗೆ ಹೊಂದಿಸುವುದು, ಯಾವ ಮಾತನ್ನು ನಂಬಬಾರದು ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಬೇರೆ ಬೈಕಿನ ಫೋರ್ಕ್ ಹಾಕಲು ಸಾಧ್ಯ. ಆದರೆ ಪೈಪಿನ ದಪ್ಪಕ್ಕಿಂತ ಉದ್ದ, 'ಟಿ'ಯ ಆಫ್‌ಸೆಟ್, ಸ್ಪ್ರಿಂಗಿನ ಬಿಗಿ ಮತ್ತು ಚಕ್ರದ ಅಳತೆ ಮುಖ್ಯ.
• ವೆಲ್ಡ್ ಮಾಡಿದ ಸ್ಟೆಮ್, ಬೆಂಡ್ ತೆಗೆಸಿದ ಪೈಪ್ ಎರಡೂ ಬೇಡ.
• ಹೀಗೆ ಬದಲಿಸಿದ ಬೈಕನ್ನು ರಸ್ತೆಗೆ ಇಳಿಸಿದರೆ ಕಾನೂನಿನ ತೊಂದರೆ ಇದೆ. ಇದು ಟ್ರ್ಯಾಕಿನ ಬೈಕು ಮಾತ್ರ.

ಫ್ಲ್ಯಾಟ್ ಟ್ರ್ಯಾಕ್ ಎಂದರೇನು?

ಸಮತಟ್ಟಾದ ಮಣ್ಣಿನ ಮೇಲೆ, ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ, ಎಡಕ್ಕೆ ಮಾತ್ರ ತಿರುಗುತ್ತ ಓಡಿಸುವ ರೇಸು ಇದು. ಅಮೆರಿಕದಲ್ಲಿ ಹುಟ್ಟಿ ಬೆಳೆದದ್ದು. ಅಲ್ಲಿಯ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್‌ಶಿಪ್ 1954ರಿಂದ ನಡೆದುಬಂದಿದೆ. ಸವಾರನ ಎಡ ಬೂಟಿಗೆ ಉಕ್ಕಿನ ತಳ ಕಟ್ಟಿರುತ್ತದೆ. ತಿರುವಿನಲ್ಲಿ ಆ ಕಾಲನ್ನು ನೆಲಕ್ಕೆ ಉಜ್ಜುತ್ತ, ಹಿಂದಿನ ಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಿಸುತ್ತ ಬೈಕನ್ನು ತಿರುಗಿಸುತ್ತಾರೆ. ಅಂಡಾಕಾರದ ಟ್ರ್ಯಾಕುಗಳಲ್ಲಿ ಓಡುವ ಈ ಬೈಕುಗಳಿಗೆ ಮುಂದಿನ ಬ್ರೇಕೇ ಇರುವುದಿಲ್ಲ. ವೇಗ ಇಳಿಸುವುದು ಹಿಂದಿನ ಬ್ರೇಕಿನಿಂದ ಮತ್ತು ಜಾರಿಸುವುದರಿಂದಲೇ.

ಕನ್ನಡನಾಡಿಗೆ ಇದು ತೀರ ಹೊಸದೇನಲ್ಲ. ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ ಹಿಮಾಲಯನ್ ಬೈಕನ್ನೇ ಮಾರ್ಪಡಿಸಿ 'ಎಫ್‌ಟಿ 411' ಎಂಬ ಫ್ಲ್ಯಾಟ್ ಟ್ರ್ಯಾಕ್ ಬೈಕು ಮಾಡಿ, ಬೆಂಗಳೂರಿನಲ್ಲಿ 'ಸ್ಲೈಡ್ ಸ್ಕೂಲ್' ಹೆಸರಿನ ತರಬೇತಿಗೆ ಬಳಸಿತು. ಡಕಾರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ಮಣ್ಣಿನ ಬೈಕುಗಳ ತರಬೇತಿ ತಾಣ 'ಬಿಗ್ ರಾಕ್ ಡರ್ಟ್‌ಪಾರ್ಕ್' ಕೋಲಾರದ ಕಡೆ ಇದೆ. ಅಮೆರಿಕದಲ್ಲಿ 2020ರಲ್ಲಿ ಆರಂಭವಾದ 'ಬಿಲ್ಡ್ ಟ್ರೈನ್ ರೇಸ್' ಯೋಜನೆಯಲ್ಲಿ ಮಹಿಳೆಯರು ಭಾರತದಲ್ಲೇ ತಯಾರಾದ 650 ಸಿಸಿ ಬೈಕುಗಳನ್ನು ತಮ್ಮ ಕೈಯಾರೆ ಬಿಚ್ಚಿ ಫ್ಲ್ಯಾಟ್ ಟ್ರ್ಯಾಕ್ ಬೈಕುಗಳಾಗಿ ಕಟ್ಟಿ ಓಡಿಸಿದ್ದಾರೆ. ರಸ್ತೆಯ ಬೈಕನ್ನು ಟ್ರ್ಯಾಕಿಗೆ ಹೊಂದಿಸುವುದು ಆಗದ ಮಾತಲ್ಲ. ಲೆಕ್ಕ ಹಾಕಿ ಮಾಡಬೇಕು, ಅಷ್ಟೆ.

ಫೋರ್ಕ್ ಮಾಡುವ ಕೆಲಸ ಏನು?

ಗ್ಯಾರೇಜಿನಲ್ಲಿ 'ಮುಂದಿನ ಶಾಕಪ್' ಎನ್ನುವುದು ಇದನ್ನೇ. ಒಳಗೆ ಸ್ಪ್ರಿಂಗ್, ಅದರ ಸುತ್ತ ಎಣ್ಣೆ. ಸ್ಪ್ರಿಂಗ್ ಬೈಕಿನ ಭಾರ ಹೊರುತ್ತದೆ. ಎಣ್ಣೆ ಸಣ್ಣ ತೂತುಗಳ ಮೂಲಕ ಹಾದು ಹೋಗುವಾಗ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಎರಡು ಕಾಲುಗಳನ್ನು ಮೇಲೆ ಹಿಡಿದಿರುವ ಎರಡು ಕ್ಲಾಂಪುಗಳಿಗೆ ಮೆಕ್ಯಾನಿಕ್‌ಗಳು 'ಟಿ' ಎನ್ನುತ್ತಾರೆ. ಕೆಳಗಿನ ಟಿಗೆ ಸ್ಟೆಮ್ ಸೇರಿರುತ್ತದೆ. ಅದು ಚಾಸಿಸ್ಸಿನ ಕುತ್ತಿಗೆಯೊಳಗೆ ಕೋನ್ ಸೆಟ್ ಮೇಲೆ ತಿರುಗುತ್ತದೆ.

ಆದರೆ ಫೋರ್ಕಿನ ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಬೈಕಿನ ಸ್ಟೀರಿಂಗ್ ಹೇಗೆ ವರ್ತಿಸಬೇಕು ಎಂದು ತೀರ್ಮಾನಿಸುವುದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಅರಿಯಲು ಎರಡು ಮಾತು ತಿಳಿದರೆ ಸಾಕು. ಕುತ್ತಿಗೆ ಎಷ್ಟು ಹಿಂದಕ್ಕೆ ಓರೆಯಾಗಿದೆ ಎಂಬುದು 'ರೇಕ್'. ಕುತ್ತಿಗೆಯ ಗೆರೆಯನ್ನು ಹಾಗೇ ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆ ಅಂತರವೇ 'ಟ್ರೇಲ್'. ಸೈಕಲ್ಲಿನ ಕೈ ಬಿಟ್ಟರೂ ಅದು ನೆಟ್ಟಗೆ ಹೋಗುವುದರಲ್ಲಿ ಟ್ರೇಲಿನ ಪಾತ್ರ ಇದೆ. ಟ್ರೇಲ್ ಕಡಿಮೆಯಾದರೆ ಹ್ಯಾಂಡಲ್ ಹಗುರ, ಆದರೆ ವೇಗದಲ್ಲಿ ನಡುಗುತ್ತದೆ. ಹೆಚ್ಚಾದರೆ ನೆಟ್ಟಗೆ ಗಟ್ಟಿ, ಆದರೆ ತಿರುವಿಗೆ ಒಗ್ಗುವುದಿಲ್ಲ.

ಮಿಥ್ಯ 1: 'ಸ್ಪೋರ್ಟ್ಸ್ ಬೈಕಿನ ಫೋರ್ಕ್ ಹಾಕಿದರೆ ತಿರುವಿನಲ್ಲಿ ಬೈಕು ಚುರುಕಾಗುತ್ತೆ'

ಇದನ್ನು ಲೆಕ್ಕದಿಂದಲೇ ನೋಡೋಣ. ಚಕ್ರದ ಅರೆವ್ಯಾಸವನ್ನು ರೇಕ್ ಕೋನದ ಸೈನ್‌ನಿಂದ ಗುಣಿಸಿ, ಅದರಿಂದ ಆಫ್‌ಸೆಟ್ ಕಳೆದು, ಕೋನದ ಕೊಸೈನ್‌ನಿಂದ ಭಾಗಿಸಿದರೆ ಟ್ರೇಲ್ ಸಿಗುತ್ತದೆ. ಆಫ್‌ಸೆಟ್ ಎಂದರೆ ಸ್ಟೆಮ್ಮಿನ ನಡುಗೆರೆಗಿಂತ ಚಕ್ರದ ಆಕ್ಸೆಲ್ ಎಷ್ಟು ಮುಂದಿದೆ ಎಂಬ ಅಳತೆ. ಆಕ್ಸೆಲ್ ಫೋರ್ಕ್ ಕಾಲಿನ ನೇರದಲ್ಲೇ ಇದ್ದರೆ, ಟಿಯಲ್ಲಿ ಫೋರ್ಕ್ ಕಾಲುಗಳು ಸ್ಟೆಮ್ಮಿಗಿಂತ ಎಷ್ಟು ಮುಂದಿವೆ ಎಂದು ಅಳೆದರೆ ಸಾಕು.

ರೇಕ್ 25 ಡಿಗ್ರಿ ಎಂದು ಇಟ್ಟುಕೊಳ್ಳಿ.

• 17 ಇಂಚಿನ ರಸ್ತೆಯ ಟೈರು (120/70), ಅರೆವ್ಯಾಸ ಸುಮಾರು 300 ಮಿ.ಮೀ., ಆಫ್‌ಸೆಟ್ 30 ಮಿ.ಮೀ.: ಟ್ರೇಲ್ ಸುಮಾರು 107 ಮಿ.ಮೀ.
• ಅದೇ ಫೋರ್ಕ್, ಅದೇ ಟಿ, ಆದರೆ ಫ್ಲ್ಯಾಟ್ ಟ್ರ್ಯಾಕಿನ 19 ಇಂಚಿನ ಟೈರು, ಹೊರವ್ಯಾಸ 27 ಇಂಚು, ಅರೆವ್ಯಾಸ ಸುಮಾರು 343 ಮಿ.ಮೀ.: ಟ್ರೇಲ್ ಸುಮಾರು 127 ಮಿ.ಮೀ.
• ಅದೇ 19 ಇಂಚಿನ ಟೈರು, ಆಫ್‌ಸೆಟ್ 50 ಮಿ.ಮೀ. ಇರುವ ಟಿ: ಟ್ರೇಲ್ ಸುಮಾರು 105 ಮಿ.ಮೀ.

ಕಂಡಿರಾ? ಸ್ಪೋರ್ಟ್ಸ್ ಬೈಕಿನ ಫೋರ್ಕನ್ನು ಅದರದೇ ಟಿ ಸಮೇತ ತಂದು, ದೊಡ್ಡ ಚಕ್ರ ಹಾಕಿದರೆ ಟ್ರೇಲ್ 20 ಮಿ.ಮೀ. ಏರಿತು. ಬೈಕು ಚುರುಕಾಗುವ ಬದಲು ಮೊಂಡಾಯಿತು. ಫ್ಲ್ಯಾಟ್ ಟ್ರ್ಯಾಕ್ ಬೈಕು ಕಟ್ಟುವ ಅನುಭವಿಗಳು ಸ್ಪೋರ್ಟ್ಸ್ ಬೈಕಿನ ಫೋರ್ಕ್ ಕಾಲುಗಳನ್ನು ಬಳಸಿದರೂ ಟಿಯನ್ನು ಮಾತ್ರ ಬೇಕಾದ ಆಫ್‌ಸೆಟ್ಟಿಗೆ ಹೊಸದಾಗಿ ಮಾಡಿಸುವುದು ಇದೇ ಕಾರಣಕ್ಕೆ. ವಿಡಿಯೊಗಳಲ್ಲಿ ಈ ಮಾತು ಬರುವುದೇ ಅಪರೂಪ.

ಮಿಥ್ಯ 2: 'ಪೈಪು ದಪ್ಪ ಇದ್ದಷ್ಟೂ ಒಳ್ಳೆಯದು'

ದಪ್ಪ ಪೈಪು ಕಡಿಮೆ ಬಾಗುತ್ತದೆ, ನಿಜ. ಪೈಪಿನ ಗೋಡೆ ಅಷ್ಟೇ ದಪ್ಪ ಇದ್ದರೆ, ಬಾಗದೆ ನಿಲ್ಲುವ ಗುಣ ಸುಮಾರಾಗಿ ವ್ಯಾಸದ ಘನದಷ್ಟು ಏರುತ್ತದೆ. 30 ಮಿ.ಮೀ. ಪೈಪಿನಿಂದ 41 ಮಿ.ಮೀ.ಗೆ ಹೋದರೆ ಎರಡೂವರೆ ಪಟ್ಟು ಗಟ್ಟಿ. ಆದರೆ ಹೊಡೆತ ಎಲ್ಲಿಗಾದರೂ ಹೋಗಲೇಬೇಕಲ್ಲ? ಸಣ್ಣ ಬೈಕಿನ ತೆಳು ಚಾಸಿಸ್ಸಿಗೆ ಭಾರಿ ಫೋರ್ಕ್ ಕೂರಿಸಿದರೆ ಆ ಹೊಡೆತವನ್ನು ತಿನ್ನುವುದು ಕುತ್ತಿಗೆಯ ವೆಲ್ಡಿಂಗ್. ಅಲ್ಲಿ ಬಿರುಕು ಬಿಟ್ಟರೆ ಮುಂದಿನ ಚಕ್ರವೇ ಕಳಚಿಕೊಂಡಂತೆ.

ಸ್ಪ್ರಿಂಗಿನದೂ ಇದೇ ಕಥೆ. ಸ್ಪ್ಲೆಂಡರ್ ಸುಮಾರು 110 ಕಿಲೊ ತೂಗುತ್ತದೆ. ಡ್ಯೂಕ್ 390 ಅದಕ್ಕಿಂತ ಐವತ್ತು ಕಿಲೊಗೂ ಹೆಚ್ಚು ಭಾರ. ಅದಕ್ಕೆಂದು ಮಾಡಿದ ಸ್ಪ್ರಿಂಗ್ ಹಗುರ ಬೈಕಿನಲ್ಲಿ ಸರಿಯಾಗಿ ಕುಸಿಯುವುದೇ ಇಲ್ಲ. ಚಕ್ರ ಮಣ್ಣಿನ ಉಬ್ಬುಗಳ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ನೋಡಲು ಗಟ್ಟಿಮುಟ್ಟು, ಓಡಿಸಲು ಕಟ್ಟಿಗೆ.

ಹಾಗಾದರೆ ಯಾವ ಬೈಕಿನ ಫೋರ್ಕ್ ತರಬೇಕು?

ಮೊದಲ ಸಲಹೆ ಸಪ್ಪೆ ಎನಿಸಬಹುದು: ನಿಮ್ಮ ಬೈಕಿನ ಸ್ವಂತ ಫೋರ್ಕನ್ನೇ ರಿಪೇರಿ ಮಾಡಿಸಿ, ಸರಿಯಾದ ಸ್ಪ್ರಿಂಗ್ ಮತ್ತು ಎಣ್ಣೆ ಹಾಕಿ ನೋಡಿ. ಹೊಸಬರಿಗೆ ಅಷ್ಟು ಸಾಕು. ಬದಲಿಸಲೇಬೇಕು ಎಂದಿದ್ದರೆ, ತೂಕದಲ್ಲಿ ನಿಮ್ಮ ಬೈಕಿಗೆ ಹತ್ತಿರ ಇರುವ ಬೈಕಿನದನ್ನು ಹುಡುಕಿ. ನಮ್ಮಲ್ಲಿ ಸಿಗುವ ಕೆಲವು ಫೋರ್ಕುಗಳ ಅಳತೆ ಹೀಗಿದೆ:

• ಹೀರೊ ಎಕ್ಸ್‌ಪಲ್ಸ್ 200: 37 ಮಿ.ಮೀ. ಪೈಪ್, 190 ಮಿ.ಮೀ. ಓಟ
• ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411: 41 ಮಿ.ಮೀ. ಪೈಪ್, 200 ಮಿ.ಮೀ. ಓಟ
• ಇಂಟರ್‌ಸೆಪ್ಟರ್ 650: 41 ಮಿ.ಮೀ. ಪೈಪ್, 110 ಮಿ.ಮೀ. ಓಟ
• ಕೆಟಿಎಂ ಡ್ಯೂಕ್ 390: 43 ಮಿ.ಮೀ., ತಲೆಕೆಳಗಾದ ಮಾದರಿ

ಓಟ ಎಂದರೆ ಫೋರ್ಕ್ ಮೇಲಿಂದ ಕೆಳಗೆ ಎಷ್ಟು ಕುಸಿಯಬಲ್ಲದು ಎಂಬುದು. ಫ್ಲ್ಯಾಟ್ ಟ್ರ್ಯಾಕಿನಲ್ಲಿ ಹಾರುವುದಿಲ್ಲ. ಹಾಗಾಗಿ ಸುಮಾರು 300 ಮಿ.ಮೀ. ಓಟದ ಮೋಟೊಕ್ರಾಸ್ ಫೋರ್ಕಿನ ಅರ್ಧವೂ ಬೇಕಿಲ್ಲ. ಎಕ್ಸ್‌ಪಲ್ಸ್, ಹಿಮಾಲಯನ್ ಫೋರ್ಕುಗಳು ಈ ಕೆಲಸಕ್ಕೆ ಉದ್ದವಾದವು. ಅವನ್ನು ಒಳಗಿನಿಂದ ಗಿಡ್ಡ ಮಾಡಬೇಕಾಗುತ್ತದೆ.

ಗುಜರಿಯಲ್ಲಿ ಕೊಳ್ಳುವಾಗ

ಬೆಂಗಳೂರಿನ ಶಿವಾಜಿನಗರ ಗುಜರಿಯಿಂದ ತಂದರೂ ಸರಿ, ರಾಯಚೂರಿನಲ್ಲೇ ಕೊಂಡರೂ ಸರಿ, ಒಂದು ಮಾತು ನೆನಪಿರಲಿ. ಗುಜರಿಗೆ ಬರುವ ಬೈಕುಗಳಲ್ಲಿ ಅಪಘಾತದವು ಬಹಳ. ಎದುರಿನಿಂದ ಡಿಕ್ಕಿಯಾದ ಬೈಕಿನಲ್ಲಿ ಮೊದಲು ಬಾಗುವುದೇ ಫೋರ್ಕ್.

• ಪೈಪ್ ಬಿಚ್ಚಿಸಿ, ದಪ್ಪ ಗಾಜಿನ ಮೇಲೆ ಉರುಳಿಸಿ. ಬೆಂಡ್ ಇದ್ದರೆ ಗಾಜಿಗೂ ಪೈಪಿಗೂ ನಡುವೆ ಬೆಳಕು ಕಾಣುತ್ತದೆ.
• ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆ, ಉಗುರಿಗೆ ತಾಗುವ ಗೀರು ಇದ್ದರೆ ಬಿಡಿ. ಹೊಸ ಆಯಿಲ್ ಸೀಲ್ ಹಾಕಿದರೂ ಅದು ಕೆಲವೇ ದಿನದಲ್ಲಿ ಹರಿಯುತ್ತದೆ.
• ಟಿಯ ಕ್ಲಾಂಪ್ ಬಳಿ, ಆಕ್ಸೆಲ್ ಹಿಡಿಯುವ ಜಾಗದಲ್ಲಿ ಬಿರುಕು ಇದೆಯೇ ನೋಡಿ.
• ಎರಡು ಕಾಲು, ಎರಡು ಟಿ, ಆಕ್ಸೆಲ್, ಸ್ಪೇಸರ್, ಚಕ್ರ, ಕ್ಯಾಲಿಪರ್ ಎಲ್ಲವನ್ನೂ ಒಂದೇ ಬೈಕಿನಿಂದ ಸೆಟ್ಟಾಗಿ ಕೊಳ್ಳಿ. ಬಿಡಿಬಿಡಿಯಾಗಿ ಕೂಡಿಸಿದರೆ ಉಳಿಸಿದ ದುಡ್ಡು ಲೇಥ್ ಅಂಗಡಿಗೆ ಹೋಗುತ್ತದೆ.
• ಬಿಲ್ ಕೇಳಿ. ಕದ್ದ ಬೈಕಿನ ಭಾಗ ಎಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ.

ಮಿಥ್ಯ 3: 'ಸ್ಟೆಮ್ ಸೇರದಿದ್ದರೆ ವೆಲ್ಡ್ ಹೊಡೆಸಿದರಾಯಿತು'

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ಇದೇ. ಬೇರೆ ಬೈಕಿನ ಸ್ಟೆಮ್ಮಿನ ಉದ್ದ, ದಪ್ಪ ನಿಮ್ಮ ಚಾಸಿಸ್ಸಿನ ಕುತ್ತಿಗೆಗೆ ಹೊಂದುವುದು ಅಪರೂಪ. ಆಗ ದಾರಿ ಮೂರು.

ಮೊದಲನೆಯದು ಬೇರಿಂಗ್ ಬದಲಿಸುವುದು. ಹೊರವ್ಯಾಸ ನಿಮ್ಮ ಚಾಸಿಸ್ಸಿಗೆ, ಒಳವ್ಯಾಸ ಹೊಸ ಸ್ಟೆಮ್ಮಿಗೆ ಸರಿಹೋಗುವ ಟೇಪರ್ ಬೇರಿಂಗ್ ಸಿಕ್ಕರೆ ಕೆಲಸ ಸುಲಭ. ಕುತ್ತಿಗೆಯ ಉದ್ದವೂ ಹೊಂದಬೇಕು. ಎರಡನೆಯದು ಹಳೆಯ ಸ್ಟೆಮ್ಮನ್ನು ಪ್ರೆಸ್ಸಿನಲ್ಲಿ ತೆಗೆದು, ನಿಮ್ಮ ಬೈಕಿನ ಅಳತೆಯ ಸ್ಟೆಮ್ಮನ್ನು ಹೊಸ ಟಿಗೆ ಪ್ರೆಸ್ ಮಾಡಿಸುವುದು. ಇದಕ್ಕೆ ಒಳ್ಳೆಯ ಉಕ್ಕು ಮತ್ತು ಮೈಕ್ರೋಮೀಟರ್ ಹಿಡಿದು ಕೆಲಸ ಮಾಡುವ ಟರ್ನರ್ ಬೇಕು. ಮೂರನೆಯದು ಎರಡೂ ಟಿಗಳನ್ನು ಅಲ್ಯೂಮಿನಿಯಂ ಗಟ್ಟಿಯಿಂದ ಹೊಸದಾಗಿ ಕೊರೆಸುವುದು. ದುಬಾರಿ, ಆದರೆ ಆಫ್‌ಸೆಟ್ ನಿಮಗೆ ಬೇಕಾದಷ್ಟೇ ಸಿಗುತ್ತದೆ.

ಬೀದಿಬದಿಯ ವೆಲ್ಡಿಂಗ್ ಈ ಮೂರರಲ್ಲಿ ಇಲ್ಲ. ವೆಲ್ಡಿನ ಕಾವಿಗೆ ಪಕ್ಕದ ಲೋಹದ ಗುಣವೇ ಬದಲಾಗುತ್ತದೆ. ಅದು ಅಲುಗಾಟಕ್ಕೆ ದಿನದಿನವೂ ದಣಿದು, ಒಂದು ದಿನ ಯಾವ ಸೂಚನೆಯೂ ಇಲ್ಲದೆ ತುಂಡಾಗುತ್ತದೆ. ಕ್ಲಾಂಪಿನ ತೂತು ದೊಡ್ಡದಾಯಿತೆಂದು ತಗಡು ಸುತ್ತಿ ಬಿಗಿ ಮಾಡುವುದೂ ಅಷ್ಟೇ ಕೆಟ್ಟದ್ದು.

ಮಿಥ್ಯ 4: 'ಸ್ಪ್ರಿಂಗ್ ಕತ್ತರಿಸಿದರೆ ಮೆತ್ತಗಾಗುತ್ತೆ, ದಪ್ಪ ಎಣ್ಣೆ ಹಾಕಿದರೆ ಗಟ್ಟಿಯಾಗುತ್ತೆ'

ಎರಡೂ ತಪ್ಪು. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಬಿಗಿ. ಅರ್ಧಕ್ಕೆ ಕತ್ತರಿಸಿದರೆ ಬಿಗಿ ಎರಡು ಪಟ್ಟು. ಇನ್ನು ದಪ್ಪ ಎಣ್ಣೆ ಸ್ಪ್ರಿಂಗಿನ ಬಲ ಹೆಚ್ಚಿಸುವುದಿಲ್ಲ, ಫೋರ್ಕಿನ ಚಲನೆಯನ್ನು ನಿಧಾನ ಮಾಡುತ್ತದೆ. ತೀರ ದಪ್ಪ ಎಣ್ಣೆ ಹಾಕಿದರೆ ಒಂದು ಉಬ್ಬಿಗೆ ಕುಸಿದ ಫೋರ್ಕ್ ಮೇಲೇಳುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ಹೀಗೆ ಕುಸಿಯುತ್ತ ಕುಸಿಯುತ್ತ ಕೊನೆಗೆ ಕಬ್ಬಿಣದ ಸಲಾಕೆಯಂತಾಗುತ್ತದೆ. ಎಣ್ಣೆಯ ಮಟ್ಟ ಏರಿಸಿದರೆ ಮಾತ್ರ ಮೇಲಿನ ಗಾಳಿಯ ಜಾಗ ಕಿರಿದಾಗಿ, ಓಟದ ಕೊನೆಯಲ್ಲಿ ಫೋರ್ಕ್ ಬಿಗಿಯಾಗುತ್ತದೆ.

ಸರಿಯಾದ ದಾರಿ ಸುಲಭ. ಸವಾರ ಪೂರ್ತಿ ಉಡುಪು ತೊಟ್ಟು ಕೂತಾಗ ಫೋರ್ಕ್ ತನ್ನ ಓಟದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿಯಬೇಕು. ಪೈಪಿಗೆ ಒಂದು ಜಿಪ್ ಟೈ ಕಟ್ಟಿ ಅಳೆಯಬಹುದು. ಅದಕ್ಕಿಂತ ಕಡಿಮೆ ಕುಸಿದರೆ ಸ್ಪ್ರಿಂಗ್ ಬಿಗಿ, ಹೆಚ್ಚಾದರೆ ಮೆತು. ಉದ್ದದ ಫೋರ್ಕನ್ನು ಗಿಡ್ಡ ಮಾಡಲು ಒಳಗಿನ ಡ್ಯಾಂಪರ್ ರಾಡಿನಲ್ಲಿ ಸ್ಪೇಸರ್ ಕೂರಿಸುತ್ತಾರೆ. ಅಷ್ಟೇ ಅಳತೆಯನ್ನು ಸ್ಪ್ರಿಂಗಿನ ಮೇಲಿನ ಸ್ಪೇಸರಿನಿಂದ ಕಳೆಯುತ್ತಾರೆ.

ಮಿಥ್ಯ 5: 'ಸ್ವಲ್ಪ ಮೇಲೆ-ಕೆಳಗೆ ಆದರೆ ಏನೂ ಆಗುವುದಿಲ್ಲ'

ಎರಡು ಚಕ್ರಗಳ ನಡುವಿನ ಅಂತರ 1,400 ಮಿ.ಮೀ. ಇರುವ ಬೈಕಿನಲ್ಲಿ ಫೋರ್ಕನ್ನು ಟಿಯೊಳಗೆ 25 ಮಿ.ಮೀ. ಮೇಲಕ್ಕೆ ಸರಿಸಿದರೆ ರೇಕ್ ಸುಮಾರು ಒಂದು ಡಿಗ್ರಿ ಕಡಿಮೆಯಾಗುತ್ತದೆ. ಅದರೊಂದಿಗೆ ಟ್ರೇಲೂ ಇಳಿಯುತ್ತದೆ. ಒಂದು ಇಂಚು ಎಂದರೆ ಸಣ್ಣ ಮಾತಲ್ಲ. ಐದೈದು ಮಿ.ಮೀ. ಸರಿಸಿ, ನಿಧಾನವಾಗಿ ಓಡಿಸಿ ನೋಡಿ, ಬರೆದಿಟ್ಟುಕೊಳ್ಳಿ.

ಓಡಿಸುವ ಮುನ್ನ

ಎಲ್ಲ ಕೂಡಿಸಿದ ಮೇಲೆ ಸ್ಪ್ರಿಂಗ್ ತೆಗೆದು ಫೋರ್ಕನ್ನು ಪೂರ್ತಿ ಕುಸಿಯುವಂತೆ ಒತ್ತಿ. ಟೈರು ಮಡ್‌ಗಾರ್ಡಿಗೆ, ಎಂಜಿನ್ನಿಗೆ, ಕೆಳಗಿನ ಟಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಟ್ರ್ಯಾಕಿನಲ್ಲಿ ಚಕ್ರ ಲಾಕ್ ಆಗಿ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಹ್ಯಾಂಡಲನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ. ಕೈಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು, ಆಕ್ಸಿಲರೇಟರ್ ಕೇಬಲ್ ಬಿಗಿಯಬಾರದು. ಚಕ್ರ ಎರಡು ಕಾಲುಗಳ ನಡುಮಧ್ಯದಲ್ಲಿ, ಹಿಂದಿನ ಚಕ್ರದ ನೇರಕ್ಕೆ ಇರಬೇಕು. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿಯಿರಿ.

ನಮ್ಮ ಕಡೆಯ ನೆಲದ ಬಗ್ಗೆಯೂ ಒಂದು ಮಾತು. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟುತ್ತದೆ. ಜಾರುವ ಅಭ್ಯಾಸಕ್ಕೆ ಅದು ಒಳ್ಳೆಯ ನೆಲವಲ್ಲ. ಬಿರುಕಿಗೆ ಮುಂದಿನ ಚಕ್ರ ಸಿಕ್ಕರೆ ಫೋರ್ಕ್ ಯಾವುದಾದರೇನು? ಗರಸು ಹಾಕಿ ಉರುಳಿಸಿ, ನೀರು ಚಿಮುಕಿಸಿದ ನೆಲ ವಾಸಿ. ಪೈಪಿಗೆ ಅಂಟಿದ ಕೆಸರನ್ನು ಒಣಗಲು ಬಿಡದೆ ತೊಳೆಯಿರಿ. ಒಣಗಿದ ಮಣ್ಣು ಮರಳು ಕಾಗದದಂತೆ ಸೀಲನ್ನು ತಿನ್ನುತ್ತದೆ. ಗದ್ದೆಗೆ ಹೋಗಿಬರುವ ಬೈಕುಗಳಿಗೂ ಇದೇ ಮಾತು.

ಮಿಥ್ಯ 6: 'ಆರ್‌ಸಿಯಲ್ಲಿ ಫೋರ್ಕ್ ಬರೆದಿರುವುದಿಲ್ಲ, ಯಾರೂ ಕೇಳುವುದಿಲ್ಲ'

ಆರ್‌ಸಿಯಲ್ಲಿ ಫೋರ್ಕ್ ಇಲ್ಲದಿರಬಹುದು, ವೀಲ್‌ಬೇಸ್ ಇರುತ್ತದೆ. ಫೋರ್ಕ್ ಬದಲಿಸಿದರೆ ಅದೂ ಬದಲಾಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 182ಎ ಕಲಮಿನಡಿ ಪ್ರತಿಯೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸಾರ್ವಜನಿಕ ರಸ್ತೆಯಲ್ಲಿ ರೇಸು ನಡೆಸುವುದಕ್ಕೆ 189ನೇ ಕಲಮಿನಡಿ ಬೇರೆಯೇ ಶಿಕ್ಷೆ ಇದೆ.

ದಂಡಕ್ಕಿಂತ ದೊಡ್ಡದು ಎರಡಿವೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದು ಮುಂದಿನ ಚಕ್ರದ ಸೆನ್ಸರನ್ನು ನಂಬಿ ಕೆಲಸ ಮಾಡುತ್ತದೆ. ಚಕ್ರದ ಅಳತೆಯೋ ಸೆನ್ಸರಿನ ಹಲ್ಲುಗಳ ಸಂಖ್ಯೆಯೋ ಬದಲಾದರೆ ಎಬಿಎಸ್ ತಪ್ಪು ಲೆಕ್ಕ ಹಾಕುತ್ತದೆ ಅಥವಾ ಕೆಲಸವನ್ನೇ ನಿಲ್ಲಿಸುತ್ತದೆ. ಎರಡನೆಯದು, ಅಪಘಾತವಾದರೆ ವಿಮೆ ಕಂಪನಿಗೆ ನಿಮ್ಮ ಕ್ಲೇಮನ್ನು ತಳ್ಳಿಹಾಕಲು ಕಾರಣ ಸಿಗುತ್ತದೆ. ಹಾಗಾಗಿ ಟ್ರ್ಯಾಕ್ ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ. ದಿನಬಳಕೆಗೆ ಬೇರೆ ಬೈಕು ಇರಲಿ.

ಒಟ್ಟಿನಲ್ಲಿ

'ಯಾವ ಬೈಕಿಗಾದರೂ ಕೂರುತ್ತೆ, ಒಂದು ಗಂಟೆಯ ಕೆಲಸ' ಎಂಬ ಮಾತು ದಾರಿ ತಪ್ಪಿಸುವಂಥದ್ದು. ಬೇರೆ ಬೈಕಿನ ಫೋರ್ಕ್ ಕೂರಿಸಬಹುದು, ಒಳ್ಳೆಯ ಫ್ಲ್ಯಾಟ್ ಟ್ರ್ಯಾಕ್ ಬೈಕೂ ಕಟ್ಟಬಹುದು. ಅದಕ್ಕೆ ಟ್ರೇಲಿನ ಲೆಕ್ಕ, ಸರಿಯಾದ ಸ್ಪ್ರಿಂಗ್, ನೆಟ್ಟಗಿನ ಪೈಪು, ವೆಲ್ಡ್ ಇಲ್ಲದ ಸ್ಟೆಮ್ ಮತ್ತು ರಸ್ತೆಯಿಂದ ದೂರದ ಜಾಗ ಬೇಕು. ಆ ವಿಡಿಯೊ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: 'ಆಫ್‌ಸೆಟ್ ಎಷ್ಟು? ಸ್ಟೆಮ್ ಹೇಗೆ ಕೂರಿಸಿದ್ದಾರೆ?' ಉತ್ತರ ಬಾರದಿದ್ದರೆ ಆ ವಿಡಿಯೊ ನಿಮ್ಮ ಫೋನಿನಲ್ಲೇ ನಿಲ್ಲಲಿ.